ಗುಡಿ ಉಳಿದ್ರೆ ಸಾಲದು, ಗುಡಿ ಮುಂದಿನ ಬೀದಿನೂ ಉಳೀಬೇಕು

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ರು ಜಪಾನ್ ಟೂರ್ ಮುಗಿಸ್ಕೊಂಡು ಬಂದು ಬರೆದಿದ್ರು, ಅಲ್ಲಿ ದೇವಸ್ಥಾನ ಕೋಟೆ ತೋಟ ಎಲ್ಲಾ ಎಷ್ಟು ಚೆನ್ನಾಗಿ ಇಟ್ಕೊಂಡಿದಾರೆ, ಅದು ಅವರ ರಕ್ತದಲ್ಲೇ ಬಂದಿರೋ ಗುಣ, ನಮ್ಮ ಜನಕ್ಕೆ ಅದೆಲ್ಲ ಜನ್ಮದಲ್ಲಿ ಸಾಧ್ಯ ಇಲ್ಲ ಅಂತ. ಓದಿದ್ಮೇಲೆ ಎರಡು ದಿನ ಸುಮ್ನಿರೋಕೆ ಆಗ್ಲಿಲ್ಲ. ನಾನೂ ಹೋಗಿ ಬಂದಿದೀನಿ, ನಗೋಯಾದಲ್ಲಿ ನಮ್ಮ ಮಗಳು ಅಳಿಯ ಇದಾರೆ, ಹೋದ ನವೆಂಬರ್‌ನಲ್ಲಿ ನಾನು ನಮ್ಮೆಜಮಾನ್ರು ಮೂರು ವಾರ ಇದ್ದು ಸುತ್ತಾಡ್ಕೊಂಡು ಬಂದ್ವಿ. ಚೆನ್ನಾಗಿ ಇಟ್ಕೊಂಡಿರೋದು ನೂರಕ್ಕೆ ನೂರು ನಿಜ. ಆದ್ರೆ ಆ ರಕ್ತದ ಮಾತನ್ನ ನಾನು ಒಪ್ಪಲ್ಲ. ಅವರೂ ಒಡೆದಿದ್ದಾರೆ, ಹರಾಜು ಹಾಕಿದಾರೆ, ಸುಟ್ಟುಕೊಂಡಿದಾರೆ, ಆಮೇಲೆ ಉಳಿದಿದ್ದನ್ನ ನೋಡಿ ಭಯ ಬಿದ್ದು ಕಲ್ತಿರೋದು. ಅದನ್ನ ಹೇಳ್ಬೇಕು ಅಂತಲೇ ಈ ಪತ್ರ. ಉದ್ದ ಆಗುತ್ತೆ, ಪೂರ್ತಿ ಹಾಕೋಕೆ ಜಾಗ ಇಲ್ಲ ಅಂದ್ರೆ ತ್ಸುಮಾಗೊ ಅನ್ನೋ ಊರಿನ ವಿಷಯ ಒಂದನ್ನಾದ್ರೂ ಹಾಕಿ ಸಾರ್.

ಮೊದಲು ನನ್ನ ವಿಷಯ ಸ್ವಲ್ಪ ಹೇಳ್ಬೇಕು, ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ನಾನು ಮದುವೆಯಾಗಿ ಹಾಸನಕ್ಕೆ ಬಂದೋಳು, ಹುಟ್ಟಿ ಬೆಳೆದದ್ದು ಬೇಲೂರಲ್ಲಿ, ಚನ್ನಕೇಶವನ ಗೋಪುರ ಕಾಣೋ ಬೀದೀಲಿ. ತೊಟ್ಟಿ ಮನೆ ನಮ್ದು. ಮುಂದೆ ಜಗುಲಿ, ಒಳಗೆ ನಾಲ್ಕು ಕಂಬದ ತೊಟ್ಟಿ, ಮೇಲೆ ನಾಡಹೆಂಚು. ಅಡುಗೆಮನೆ ಬಾಗಿಲ ಪಕ್ಕದ ಕಂಬಕ್ಕೆ ನಮ್ಮಜ್ಜಿ ಕಡಗೋಲು ಕಟ್ಟಿ ಮೊಸರು ಕಡೀತಿದ್ರು, ಅವರ ಅತ್ತೆನೂ ಅದೇ ಕಂಬಕ್ಕೇ ಕಟ್ತಿದ್ರಂತೆ, ಹಗ್ಗ ಉಜ್ಜಿ ಉಜ್ಜಿ ಕಂಬದ ಮೈಮೇಲೆ ಬೆರಳು ಕೂರೋವಷ್ಟು ಆಳಕ್ಕೆ ಒಂದು ಗೀರು ಬಿದ್ದಿತ್ತು, ಬೆಣ್ಣೆ ಕೈ ತಾಕಿ ತಾಕಿ ನುಣ್ಣಗೆ ಕನ್ನಡಿ ತರ. ನಾವು ಮಕ್ಕಳು ಅದರೊಳಗೆ ಬೆರಳಿಟ್ಟು ಕಂಬ ಸುತ್ತೋದೇ ಒಂದು ಆಟ. ಹದಿಮೂರು ವರ್ಷದ ಹಿಂದೆ ಅಣ್ಣ ತಮ್ಮಂದಿರ ಪಾಲಾಯ್ತು, ಎರಡು ಕಂಬಕ್ಕೆ ಬುಡದಲ್ಲಿ ಗೆದ್ದಲು ಹಿಡಿದಿತ್ತು, ನೋಡೋಕೆ ಬಂದೋರು ಬುಡ ಹೋಗಿದೆ ಇನ್ನು ಮನೆ ನಿಲ್ಲಲ್ಲ ಅಂದ್ರು, ಮಾರಿದ್ರು, ಹದಿನೈದು ದಿನದಲ್ಲಿ ಮನೆ ನೆಲಸಮ. ಈಗ ಅಲ್ಲಿ ಮೂರಂತಸ್ತಿನ ಬಿಲ್ಡಿಂಗ್ ಇದೆ, ಕೆಳಗೆ ಅಂಗಡಿ. ನಾನೂ ಸಹಿ ಹಾಕಿದೋಳೇ, ಬೇರೆ ಯಾರನ್ನೂ ದೂರಲ್ಲ.

ಇನ್ನು ಜಪಾನ್. ನಾವು ಮೊದಲು ಹೋಗಿದ್ದು ಇನುಯಾಮಾ ಅನ್ನೋ ಊರಿಗೆ, ನಗೋಯಾದಿಂದ ಟ್ರೈನಲ್ಲಿ ಅರ್ಧ ಗಂಟೆ. ಕಿಸೊ ನದಿ ದಂಡೆಯ ಗುಡ್ಡದ ಮೇಲೆ ಒಂದು ಕೋಟೆ, 1537ರದ್ದು ಅಂತಾರೆ. ಅವರ ಕೋಟೆ ನಮ್ಮ ಸಕಲೇಶಪುರದ ಮಂಜರಾಬಾದ್ ತರ ಅಲ್ಲ, ದಪ್ಪ ಕಲ್ಲಿನ ಕಟ್ಟೆ ಕಟ್ಟಿ ಅದರ ಮೇಲೆ ಮರದಲ್ಲೇ ಮಹಡಿ ಮೇಲೆ ಮಹಡಿ ಏರಿಸಿರ್ತಾರೆ, ಹೆಂಚಿನ ಸೂರು ಒಂದರ ಮೇಲೊಂದು. ಬಾಗಿಲಲ್ಲೇ ಶೂ ಬಿಚ್ಚಿ ಕವರಿಗೆ ಹಾಕ್ಕೊಂಡು ಕೈಲಿ ಹಿಡ್ಕೊಂಡು ಹತ್ತಬೇಕು, ಮೆಟ್ಟಿಲು ನಮ್ಮ ಅಟ್ಟದ ಏಣಿಯಷ್ಟೇ ಕಡಿದು, ಮಂಡಿ ನೋವಿರೋರು ಯೋಚನೆ ಮಾಡಿ ಹತ್ತಿ. ಆ ಕೋಟೆ 2004ರವರೆಗೂ ನರುಸೆ ಅನ್ನೋ ಒಂದು ಮನೆತನದ ಸ್ವಂತ ಆಸ್ತಿಯಾಗಿತ್ತಂತೆ, ಆಮೇಲೆ ಟ್ರಸ್ಟಿಗೆ ಹೋಯ್ತು. ಆದ್ರೆ ನನ್ನ ಕಣ್ಣು ಹೋಗಿದ್ದು ಕೆಳಗಿನ ಬೀದಿ ಮೇಲೆ. ಜೋಕಾಮಾಚಿ ಅಂತಾರೆ, ಕೋಟೆ ಕೆಳಗಿನ ಪೇಟೆ ಅಂತ ಅರ್ಥ, ನಮ್ಮ ಕಡೆ ಕೋಟೆ ಪೇಟೆ ಅಂತ ಜೋಡಿ ಹೆಸರು ಹೇಳಲ್ವಾ, ಅದೇ ಲೆಕ್ಕ. ಕೋಟೆ ಹತ್ತಿರ ಸಮುರಾಯಿಗಳ ಕೇರಿ, ಅದರಾಚೆ ವ್ಯಾಪಾರದೋರ ಬೀದಿ, ದೇವಸ್ಥಾನಗಳು ಬಹಳಷ್ಟು ಊರಂಚಿಗೆ. ಶತ್ರು ನೇರ ನುಗ್ಗಬಾರದು ಅಂತ ಎಷ್ಟೋ ಊರಲ್ಲಿ ಬೀದೀನ ಬೇಕಂತಲೇ ಸೊಟ್ಟ ತಿರುಗಿಸಿರ್ತಾರೆ. ಇನುಯಾಮಾ ಬೀದೀಲಿ ತಲೆ ಎತ್ತಿದ್ರೆ ಕರೆಂಟ್ ವೈರಿಲ್ಲ, ನೆಲದೊಳಗೆ ಹೂತಿದಾರೆ, ಬೀದಿ ತುದೀಲಿ ಕೋಟೆ ಪೂರ್ತಿ ಕಾಣುತ್ತೆ. ಹಳೇ ಮರದ ಮನೆಗಳಲ್ಲೇ ಅಂಗಡಿ. ಒಬ್ಬ ಅಜ್ಜಿ ಅನ್ನ ಕುಟ್ಟಿ ಉಂಡೆ ಮಾಡಿ ಕಡ್ಡಿಗೆ ಸಿಗಿಸಿ ಕೆಂಡದ ಮೇಲೆ ಸುಟ್ಟು, ಸೋಯಾ ಬೀನ್ಸಿನ ಮಿಸೊ ಅನ್ನೋ ಹಿಟ್ಟಿಗೆ ಅಕ್ರೋಟು ಅರೆದು ಹಚ್ಚಿ ಕೊಡ್ತಿದ್ರು, ಗೊಹೇ ಮೋಚಿ ಅಂತ ಹೆಸರು. ಆ ಅಜ್ಜಿ ಕೂತಿದ್ದ ಜಗುಲಿ ನಮ್ಮನೆ ಜಗುಲಿಯಷ್ಟೇ ಎತ್ತರ ಇತ್ತು. ಅಲ್ಲಿಂದ ಶುರುವಾಯ್ತು ನನಗೆ ಹೊಟ್ಟೆಯಲ್ಲಿ ಸಂಕಟ.

ಈಗ ಒಡೆದಿದ್ದರ ವಿಷಯ. ಮೈಜಿ ಅನ್ನೋ ಚಕ್ರವರ್ತಿ ಕಾಲದಲ್ಲಿ, 1873ರಲ್ಲಿ, ಹೊಸ ಸರ್ಕಾರ ಕೋಟೆಗಳು ಹಳೇ ಕಾಲದ್ದು ಬೇಡ ಅಂತ ಬಹುಪಾಲು ಕೋಟೆಗಳನ್ನ ರದ್ದು ಮಾಡ್ತು, ಕಲ್ಲು ಮರ ಹೆಂಚು ಎಲ್ಲಾ ಮಾರಾಟಕ್ಕೆ. ಉಳಿದವು ಎಷ್ಟೋ ಎರಡನೇ ಮಹಾಯುದ್ಧದಲ್ಲಿ 1945ರ ಬಾಂಬಿಗೆ ಹೋದವು. ಹಳೇ ಮರದ ಮೂಲ ಗೋಪುರ ಹಾಗೇ ಇರೋ ಕೋಟೆ ಇವತ್ತು ಇಡೀ ದೇಶದಲ್ಲಿ 12 ಮಾತ್ರ. ಮಗಳ ಊರಿನ ನಗೋಯಾ ಕೋಟೆನೇ 1945ರಲ್ಲಿ ಸುಟ್ಟು ಹೋಗಿ, 1959ರಲ್ಲಿ ಕಾಂಕ್ರೀಟಲ್ಲಿ ಕಟ್ಟಿ ಲಿಫ್ಟ್ ಇಟ್ಟಿದ್ದು. ಅದರ ಪಕ್ಕದ ಅರಮನೆ ಮಾತ್ರ ಮರದಲ್ಲೇ ಹಳೇ ತರವೇ ಮತ್ತೆ ಕಟ್ಟಿ 2018ಕ್ಕೆ ಮುಗಿಸಿದಾರೆ, ಅದು ಸಾಧ್ಯ ಆಗಿದ್ದು ಯುದ್ಧಕ್ಕೆ ಮುಂಚೆ ಯಾರೋ ಒಂದೊಂದು ತೊಲೆ ಅಳೆದು ನಕ್ಷೆ ಬರೆದು ಫೋಟೋ ತೆಗೆದಿಟ್ಟಿದ್ರಿಂದ. ನಮ್ಮ ಮನೆ ಒಡೆಯೋ ಮುಂಚೆ ಒಬ್ಬರೂ ನೆಟ್ಟಗೆ ಒಂದು ಫೋಟೋ ತೆಗೀಲಿಲ್ಲ. ಅಕ್ಕನ ಮದುವೆ ಆಲ್ಬಮ್ಮಲ್ಲಿ ಒಂದು ಕಂಬ ಅರ್ಧ ಕಾಣುತ್ತೆ ಅಷ್ಟೇ.

ಮಾತ್ಸುಮೊಟೊ ಅಂತ ಇನ್ನೊಂದು ಊರು, ಕಪ್ಪು ಕೋಟೆ, ಸುತ್ತ ನೀರು, ಹಿಂದೆ ಹಿಮದ ಬೆಟ್ಟ, ನೋಡೋಕೆ ಎರಡು ಕಣ್ಣು ಸಾಲಲ್ಲ. ಅದನ್ನೂ ಹರಾಜು ಹಾಕಿದ್ರು, ಇನ್ನೇನು ಕೆಡವಬೇಕು ಅನ್ನೋವಾಗ ಇಚಿಕಾವಾ ರ್ಯೋಜೊ ಅನ್ನೋ ಆ ಊರಿನವರು ತಡೆದು, ಕೋಟೆ ಒಳಗೇ ವಸ್ತು ಪ್ರದರ್ಶನ ಮಾಡಿಸಿ ದುಡ್ಡು ಸೇರಿಸಿ ಬಿಡಿಸ್ಕೊಂಡ್ರು. ಆಮೇಲೆ ನೋಡೋರಿಲ್ಲದೆ ಕೋಟೆ ಒಂದು ಕಡೆ ವಾಲಿತು, ಆಗ ಅಲ್ಲಿನ ಸ್ಕೂಲ್ ಹೆಡ್ ಮಾಸ್ಟರು ಕೊಬಾಯಾಶಿ ಉನಾರಿ ಊರೋರನ್ನೆಲ್ಲ ಸೇರಿಸ್ಕೊಂಡು ಚಂದಾ ಎತ್ತಿ 1903ರಿಂದ 1913ರವರೆಗೆ ರಿಪೇರಿ ಮಾಡಿಸಿದ್ರು. ಒಬ್ಬ ಮೇಷ್ಟ್ರು ಸಾರ್. ಹಾಸನ ಜಿಲ್ಲೇಲಿ ಅಂಥ ಮೇಷ್ಟ್ರು ಇಲ್ವಾ, ನಮ್ಮೂರಲ್ಲೇ ಎಷ್ಟು ಜನ ಇದ್ರು, ಕೇಳೋಕೆ ನಮಗೇ ಹೊಳೀಲಿಲ್ಲ.

ದೇವಸ್ಥಾನಗಳ ಕಥೆನೂ ಹಂಗೇ. ನಾರಾ ಹತ್ತಿರ ಹೋರ್ಯೂಜಿ ಅಂತ ಇದೆ, ಪ್ರಪಂಚದಲ್ಲೇ ಅತ್ಯಂತ ಹಳೇ ಮರದ ಕಟ್ಟಡ ಅಂತ ಹೆಸರು, 7ನೇ ಶತಮಾನದ್ದು. 1949ರ ಜನವರಿ 26ಕ್ಕೆ ಅದರ ಮುಖ್ಯ ಗುಡಿ ಒಳಗೆ ಬೆಂಕಿ ಬಿದ್ದು ಸಾವಿರದ ಇನ್ನೂರು ವರ್ಷದ ಭಿತ್ತಿಚಿತ್ರ ಸುಟ್ಟು ಹೋದವು. ಇಡೀ ದೇಶ ಅತ್ತಿತಂತೆ. ಮರುವರ್ಷ 1950ರಲ್ಲಿ ಹಳೇ ಆಸ್ತಿ ಕಾಪಾಡೋ ಕಾನೂನು ಬಂತು, ಜನವರಿ 26ನೇ ತಾರೀಖು ಈಗ್ಲೂ ಊರೂರ ದೇವಸ್ಥಾನದಲ್ಲಿ ಬೆಂಕಿ ಆರಿಸೋ ಡ್ರಿಲ್ ಮಾಡ್ತಾರೆ, ನಮಗೆ ಗಣರಾಜ್ಯೋತ್ಸವ ಆಗೋ ದಿನ. ಆ ಕಾನೂನು ಬಂದ 1950ರಲ್ಲೇ ಕ್ಯೋಟೊದ ಚಿನ್ನದ ಗುಡಿ ಕಿಂಕಾಕುಜಿನ ಅಲ್ಲೇ ಕಲೀತಿದ್ದ ಒಬ್ಬ ಮರಿ ಸನ್ಯಾಸಿ ಬೆಂಕಿ ಇಟ್ಟು ಸುಟ್ಟ, ಈಗ ಎಲ್ಲರೂ ನಿಂತು ಫೋಟೋ ತಗೊಳೋದು 1955ರಲ್ಲಿ ಮತ್ತೆ ಕಟ್ಟಿದ್ದು. ಇಷ್ಟೆಲ್ಲ ಆಗಿರೋ ದೇಶದ ಬಗ್ಗೆ ರಕ್ತದಲ್ಲೇ ಬಂದಿದೆ ಅಂದ್ರೆ ಅಷ್ಟು ಕಷ್ಟಪಟ್ಟು ಉಳಿಸಿದೋರಿಗೂ ಅವಮಾನ, ನಮಗೂ ಕೈಕಟ್ಟಿ ಕೂರೋಕೆ ಒಂದು ನೆಪ.

ತ್ಸುಮಾಗೊ ವಿಷಯಕ್ಕೆ ಬರ್ತೀನಿ. ಇದು ದೊಡ್ಡ ಊರಲ್ಲ, ಕಿಸೊ ಕಣಿವೇಲಿ ಒಂದೇ ಬೀದಿ ಇರೋ ಹಳ್ಳಿ. ಹಿಂದೆ ಈಗಿನ ಟೋಕಿಯೊದಿಂದ ಕ್ಯೋಟೊಗೆ ಬೆಟ್ಟದ ಮೇಲೆ ಹೋಗೋ ನಕಾಸೆಂದೊ ಅನ್ನೋ ದಾರಿ ಇತ್ತು, ಅದರಲ್ಲಿ 69 ತಂಗುದಾಣ, ತ್ಸುಮಾಗೊ 42ನೇದು. ರೈಲು ರಸ್ತೆ ಬೇರೆ ಕಡೆ ಹೋದ್ಮೇಲೆ ಊರು ಬಡವಾಯ್ತು, ಹುಡುಗರೆಲ್ಲ ಪಟ್ಟಣಕ್ಕೆ, ಮನೆಗಳು ಸೋರಿ ಬೀಳೋ ಹಂಗಾದ್ವು. ನಮ್ಮ ಮಲೆನಾಡಿನ ಎಷ್ಟು ಹಳ್ಳಿ ಇವತ್ತು ಹಿಂಗೇ ಇಲ್ವಾ. 1968ರಲ್ಲಿ ಊರೋರು ಸಂಘ ಕಟ್ಕೊಂಡ್ರು, ಮನೆ ರಿಪೇರಿ ಶುರು ಆಯ್ತು, 1971ರಲ್ಲಿ ಊರೋರೆಲ್ಲ ಸೇರಿ ಒಂದು ಕರಾರು ಬರ್ಕೊಂಡ್ರು, ಮೂರೇ ಮಾತು. ಮಾರಲ್ಲ, ಬಾಡಿಗೆಗೆ ಕೊಡಲ್ಲ, ಒಡೆಯಲ್ಲ. ಸರ್ಕಾರ ಹೇಳಿದ್ದಲ್ಲ ಇದು, ಮನೆ ಇರೋರು ತಾವೇ ಬರ್ಕೊಂಡಿದ್ದು. ಸರ್ಕಾರ ಆಮೇಲೆ ಹಿಂದೆ ಬಂತು, 1975ರಲ್ಲಿ ಆ 1950ರ ಕಾನೂನಿಗೆ ತಿದ್ದುಪಡಿ ತಂದು ಒಂದು ಗುಡಿ ಒಂದು ಕೋಟೆ ಅಷ್ಟೇ ಅಲ್ಲದೆ ಹಳೇ ಮನೆ ಸಾಲಿರೋ ಇಡೀ ಬೀದಿನೇ ಸಂರಕ್ಷಿತ ಅಂತ ಮಾಡೋ ದಾರಿ ಮಾಡ್ತು, 1976ರ ಮೊದಲ ಪಟ್ಟಿಲಿ ತ್ಸುಮಾಗೊ ಬಂತು.

ನಾವು ಮಾಗೊಮೆ ಅನ್ನೋ ಪಕ್ಕದ ಊರಿಂದ ನಡ್ಕೊಂಡೇ ಹೋಗಿದ್ದು, 8 ಕಿಲೋಮೀಟರ್ ಕಾಡು ದಾರಿ, ದಾರಿಗೆ ಅಲ್ಲಲ್ಲಿ ಕರಡಿ ಬರಬಾರದು ಅಂತ ಗಂಟೆ ಕಟ್ಟಿದಾರೆ, ನಡೆಯೋರು ಬಾರಿಸ್ಕೊಂಡು ಹೋಗ್ಬೇಕು. ಆಲೂರು ಸಕಲೇಶಪುರದ ಕಡೆ ಮೊಬೈಲಿಗೆ ಬರೋ ಆನೆ ಎಲ್ಲಿದೆ ಅನ್ನೋ ಮೆಸೇಜ್ ನೋಡ್ಕೊಂಡು ತೋಟಕ್ಕೆ ಹೋಗೋ ನಮಗೆ ಅದೇನು ವಿಚಿತ್ರ ಅನಿಸ್ಲಿಲ್ಲ. ಊರೊಳಗೆ ಬಂದ್ರೆ ಹಗಲು ಹೊತ್ತು ಕಾರಿಲ್ಲ, ವೈರಿಲ್ಲ, ಟಿವಿ ಆಂಟೆನಾ ಕಾಣಲ್ಲ. ಮನೆ ಮುಂದೆ ಪರ್ಸಿಮನ್ ಹಣ್ಣು ಸಿಪ್ಪೆ ತೆಗೆದು ದಾರಕ್ಕೆ ಪೋಣಿಸಿ ಸೂರಿಗೆ ನೇತು ಹಾಕಿ ಒಣಗಿಸ್ತಾರೆ, ಕೇಸರಿ ತೋರಣ ಕಟ್ಟಿದ ಹಾಗೆ. ಒಂದು ಮನೆಯ ಬಾಗಿಲ ಹೊಸಿಲು ತುಳಿದು ತುಳಿದು ನಡು ತಗ್ಗಾಗಿತ್ತು, ಒಂದು ಕಡೆ ಮಾತ್ರ ಹೊಸ ಮರದ ತುಂಡು ಕೂರಿಸಿದ್ರು, ನಮ್ಮ ಕಿರುಬೆರಳಷ್ಟು ಅಗಲ ಇರ್ಬಹುದು, ಅಷ್ಟೇ ಕೆಟ್ಟಿತ್ತು ಅಷ್ಟೇ ತೆಗೆದು ಹಾಕಿದಾರೆ. ಹಳೇ ಮರ ಕಪ್ಪು, ಹೊಸ ತುಂಡು ಬಿಳಿ. ಬಣ್ಣ ಬಳಿದು ಮುಚ್ಚಿಲ್ಲ. ನಾನು ಅದರ ಮುಂದೆ ಕೂತ್ಕೊಂಡುಬಿಟ್ಟೆ. ಮಗಳು ಏನಮ್ಮ ಕಾಲು ನೋವಾ ಅಂದ್ಲು. ಕಾಲು ನೋವಲ್ಲ.

ಕ್ಯೋಟೊ ಬಗ್ಗೆ ಎಲ್ಲರೂ ಬರೀತಾರೆ, ಜಾಸ್ತಿ ಹೇಳಲ್ಲ. ಕಿಯೊಮಿಝು ದೇವಸ್ಥಾನದ 13 ಮೀಟರ್ ಎತ್ತರದ ಮರದ ಜಗಲಿ 1633ರದ್ದು, ಕೆಳಗಿನ ದೊಡ್ಡ ಕಂಬ ತೊಲೆ ಎಲ್ಲಾ ಮೊಳೆ ಇಲ್ಲದೆ ಒಂದಕ್ಕೊಂದು ಸಿಗಿಸಿರೋದು, ಅದನ್ನ ಮೇಲೆ ನಿಂತು ನೋಡ್ಬೇಡಿ, ಕೆಳಗಿಳಿದು ಹೋಗಿ ನೋಡಿ. ರ್ಯೋವಾಂಜಿಯ ಕಲ್ಲಿನ ತೋಟದಲ್ಲಿ 15 ಕಲ್ಲು, ಜಗುಲಿ ಮೇಲೆ ಎಲ್ಲಿ ಕೂತ್ರೂ 14 ಕಾಣ್ತವೆ, ಒಂದು ಮರೆಯಾಗಿರುತ್ತೆ, ನಮ್ಮೆಜಮಾನ್ರು ಮೂಲೆಯಿಂದ ಮೂಲೆಗೆ ಹೋಗಿ ಎಣಿಸಿ ಬಂದ್ರು. ಸೈಹೋಜಿ ಅಂತ ಪಾಚಿ ತೋಟದ ದೇವಸ್ಥಾನಕ್ಕೆ ಮೊದಲೇ ಅರ್ಜಿ ಹಾಕ್ಬೇಕು, ಜನ ತುಳಿದು ಪಾಚಿ ಹಾಳಾಗುತ್ತೆ ಅಂತ 1977ರಿಂದ ಇಷ್ಟೇ ಜನ ಅಂತ ಮಿತಿ ಇಟ್ಟಿದಾರೆ, ನಾವು ತಡ ಮಾಡಿದ್ವಿ ಸಿಗ್ಲಿಲ್ಲ. 2007ರಲ್ಲಿ ಊರಿನ ನಡುಭಾಗದಲ್ಲಿ ಬಿಲ್ಡಿಂಗ್ ಎತ್ತರದ ಮಿತೀನ 45 ಮೀಟರಿಂದ 31ಕ್ಕೆ ಇಳಿಸಿ, ತಾರಸಿ ಮೇಲಿನ ಜಾಹೀರಾತು, ಮಿಣಮಿಣ ಮಿನುಗೋ ಬೋರ್ಡು ಎಲ್ಲಾ ಬಂದ್ ಮಾಡಿದ್ರು, ಅಂಗಡಿಯೋರು ಸುಮ್ನೆ ಒಪ್ಪಿರ್ತಾರಾ, ಅಲ್ಲೂ ವಿರೋಧ ಇತ್ತು, ಆದ್ರೂ ಮಾಡಿದ್ರು. ಎಲ್ಲಾ ಸರಿ ಇದೆ ಅಂತಾನೂ ಅಲ್ಲ, ಜನ ಜಾತ್ರೆ ತರ, ಸಿಟಿ ಬಸ್ಸಲ್ಲಿ ಅಲ್ಲಿನೋರಿಗೇ ಜಾಗ ಸಿಗಲ್ಲ, ಗಿಯೋನ್ ಅನ್ನೋ ಕೇರೀಲಿ ಕೆಲವು ಖಾಸಗಿ ಓಣಿಗೆ ಟೂರಿಸ್ಟ್ ಬಂದ್ರೆ 10,000 ಯೆನ್ ದಂಡ ಅಂತ 2024ರಲ್ಲಿ ಬೋರ್ಡ್ ಹಾಕಿದಾರೆ. ಬೇಲೂರಿಗೆ ಜನ ಬರಲಿ ಬರಲಿ ಅಂತ ಮಾತ್ರ ಕೂಗೋರು ಇದನ್ನೂ ನೋಡ್ಬೇಕು.

ಸಸ್ಯಾಹಾರಿಗಳಿಗೆ ಒಂದು ಮಾತು, ದಾಶಿ ಅಂತ ಒಂದು ತಿಳಿಸಾರು ಇರುತ್ತೆ, ಬಹುಪಾಲು ಒಣ ಮೀನಿನದ್ದು, ತರಕಾರಿ ಅಂತ ಕೊಟ್ಟಿದ್ದರಲ್ಲೂ ಅದಿರುತ್ತೆ, ಕೇಳಿ ತಿನ್ನಿ. ದೇವಸ್ಥಾನಗಳಲ್ಲಿ ಸನ್ಯಾಸಿಗಳ ಊಟ ಶೋಜಿನ್ ರ್ಯೋರಿ ಅಂತ ಸಿಗುತ್ತೆ, ಅದು ಶುದ್ಧ. ಉಳಿದ ದಿನ ನಾವು ಹೊತ್ಕೊಂಡು ಹೋಗಿದ್ದ ಅವಲಕ್ಕಿ ಚಟ್ನಿಪುಡಿ ಕಾಪಾಡ್ತು.

ನಾರಾದ ತೋದಾಯ್ಜಿಲಿ ದೊಡ್ಡ ಕಂಚಿನ ಬುದ್ಧ, 15 ಮೀಟರ್. ಇದನ್ನ ನಮ್ಮ ಜನಕ್ಕೆ ಯಾರೂ ಹೇಳಲ್ಲ, 752ರಲ್ಲಿ ಆ ಮೂರ್ತಿಗೆ ಕಣ್ಣು ತೆರೆಸಿದ್ದು, ನಾವು ನೇತ್ರೋನ್ಮೀಲನ ಅಂತೀವಲ್ಲ ಅದನ್ನ ಮಾಡಿದ್ದು, ಭಾರತದಿಂದ ಹೋಗಿದ್ದ ಬೋಧಿಸೇನ ಅನ್ನೋ ಭಿಕ್ಷು. ಕಣ್ಣು ಬರೆಯೋ ಕುಂಚಕ್ಕೆ ಉದ್ದನೆ ದಾರ ಕಟ್ಟಿ ನೆರೆದೋರೆಲ್ಲ ಆ ದಾರ ಹಿಡ್ಕೊಂಡಿದ್ರಂತೆ, ಪುಣ್ಯ ಎಲ್ಲರಿಗೂ ಸೇರಲಿ ಅಂತ. ನನಗೆ ನಮ್ಮೂರ ತೇರಿನ ಹಗ್ಗ ನೆನಪಾಯ್ತು, ಕೈ ಹಾಕೋಕೆ ಜಾಗ ಸಿಗದಿದ್ರೂ ಬೆರಳಾದ್ರೂ ತಾಗಿಸಿ ಬಾ ಅಂತ ನಮ್ಮಮ್ಮ ತಳ್ಳೋರು. ಆ ಕುಂಚ, ಆ ನೀಲಿ ದಾರ ಇವತ್ತಿಗೂ ಅಲ್ಲಿನ ಶೋಸೋಇನ್ ಭಂಡಾರದಲ್ಲಿ ಇಟ್ಟಿದಾರೆ. ಬುದ್ಧ ಇರೋ ದೊಡ್ಡ ಗುಡಿ ಯುದ್ಧದಲ್ಲಿ ಎರಡು ಸಲ ಸುಟ್ಟು, ಈಗಿರೋದು 1709ರ ಹೊತ್ತಿಗೆ ಕಟ್ಟಿದ್ದು. ದಾರ ಮಾತ್ರ ಹಳೇದೇ.

ತೋಟಗಳಲ್ಲಿ ನನಗೆ ಮನಸ್ಸು ತುಂಬಿದ್ದು ಕನಾಜಾವಾದ ಕೆನ್ರೊಕುಎನ್. ಅದೂ ಕೋಟೆ ಊರೇ, ಮಾಯೆದಾ ದೊರೆಗಳದ್ದು, ಕೋಟೆ ಎದುರಿಗೇ ತೋಟ. ನವೆಂಬರ್ 1ಕ್ಕೆ ಅಲ್ಲಿ ಪೈನ್ ಮರಗಳಿಗೆ ಹಗ್ಗ ಕಟ್ಟೋಕೆ ಶುರು ಮಾಡ್ತಾರೆ, ಹಿಮದ ಭಾರಕ್ಕೆ ಕೊಂಬೆ ಮುರೀಬಾರದು ಅಂತ, ಕರಾಸಾಕಿ ಅನ್ನೋ ಒಂದೇ ಮರಕ್ಕೆ 5 ಕಂಬ ನೆಟ್ಟು 800 ಹಗ್ಗ. ಕಂಬದ ತುದಿಗೆ ಹತ್ತಿ ಹಗ್ಗ ಕೆಳಗೆ ಬಿಡೋ ಆಳುಗಳನ್ನ ನೋಡ್ತಿದ್ರೆ ನಮ್ಮ ಕಾಫಿ ತೋಟದಲ್ಲಿ ಮರ ಕಪಾತು ಮಾಡೋರೇ ಕಣ್ಮುಂದೆ ಬಂದ್ರು. ಕೆಳಗೆ ಪಾಚಿ ಮೇಲೆ ಹೆಂಗಸರು ಮಂಡಿ ಊರಿ ಕೂತು ಕಳೆ ಒಂದೊಂದೇ ಕೀಳ್ತಿದ್ರು. ಮಷೀನ್ ಇಲ್ಲ ಏನಿಲ್ಲ. ನಮ್ಮ ಹೆಣ್ಣಾಳುಗಳು ಸಸಿ ಮಡಿ ಕಳೆ ತೆಗೆಯೋದು ಇದಕ್ಕಿಂತ ಏನೂ ಕಡಿಮೆ ಇಲ್ಲ. ಕೈ ಕೆಲಸ ನಮಗೂ ಗೊತ್ತಿದೆ ಸಾರ್, ಆ ಕೈನ ನಾವು ಹಳೇ ಮನೆಗೆ ಹಳೇ ಗುಡಿಗೆ ಕರೀತಿಲ್ಲ ಅಷ್ಟೇ.

ಕೊನೇಲಿ ಹಿಮೇಜಿ. 1609ರ ಬಿಳಿ ಕೋಟೆ, ದೇಶದಲ್ಲೇ ದೊಡ್ಡದು. ಅದರ ಗೋಪುರಕ್ಕೆ ತಳದಿಂದ ತುದಿವರೆಗೆ ಎರಡು ಮಹಾ ಕಂಬ, ಪೂರ್ವದ್ದು ಪಶ್ಚಿಮದ್ದು. 1956ರಿಂದ 1964ರವರೆಗೆ ಇಡೀ ಗೋಪುರ ಬಿಚ್ಚಿ ರಿಪೇರಿ ಮಾಡಿದಾಗ ಪಶ್ಚಿಮದ ಕಂಬ ಪೂರ್ತಿ ಕೆಟ್ಟಿತ್ತು ಅಂತ ಬದಲಾಯಿಸಿದ್ರು. ಪೂರ್ವದ ಕಂಬಕ್ಕೆ ಬುಡ ಮಾತ್ರ ಹೋಗಿತ್ತು. ಬುಡ ಮಾತ್ರ ಕತ್ತರಿಸಿ ಹೊಸ ಮರ ಕಚ್ಚು ಹಾಕಿ ಸೇರಿಸಿದ್ರು, ಮೇಲಿರೋದು ಅದೇ 1609ರ ಮರ. ಅಳಿಯ ಇದನ್ನ ಓದಿ ಹೇಳಿದಾಗ ನಾನು ಆ ಕಂಬ ಮುಟ್ಕೊಂಡು ನಿಂತೆ. ಬುಡ ಹೋಗಿದೆ ಅಂತ ತಾನೇ ನಮ್ಮ ಮನೆ ಬಿದ್ದಿದ್ದು. ಕಚ್ಚು ಹಾಕಿ ಸೇರಿಸೋದು ನಮ್ಮ ಆಚಾರ್ರಿಗೆ ಗೊತ್ತಿಲ್ಲದ ವಿದ್ಯೆ ಅಲ್ಲ, ಬಾಗಿಲ ಚೌಕಟ್ಟಿಗೆ ಎಷ್ಟು ಸಲ ಮಾಡಿಲ್ಲ. ನಾವು ಕೇಳ್ಲಿಲ್ಲ. 2009ರಿಂದ 2015ರವರೆಗೆ ಅದೇ ಕೋಟೆಗೆ ಮತ್ತೆ ದೊಡ್ಡ ರಿಪೇರಿ ಆದಾಗ ಸುತ್ತ ಶೆಡ್ ಕಟ್ಟಿ ಲಿಫ್ಟ್ ಇಟ್ಟು, ಹೆಂಚು ಹೊದಿಸೋದು ಗಾರೆ ಬಳಿಯೋದು ಜನ ಹತ್ತಿರದಿಂದ ನೋಡೋ ಹಾಗೆ ಮಾಡಿದ್ರಂತೆ. ರಿಪೇರಿ ನೋಡಿದ ಮಕ್ಕಳು ಅದನ್ನ ಮರೀತಾರಾ.

ಊರಿಗೆ ಬಂದ್ಮೇಲೆ ಜನವರಿಲಿ ಸಂಬಂಧಿಕರ ಆರತಕ್ಷತೆಗೆ ಚಿಕ್ಕಮಗಳೂರಿನ ಕಡೆ ಒಂದು ರೆಸಾರ್ಟಿಗೆ ಹೋಗಿದ್ವಿ. ರಿಸೆಪ್ಷನ್ ಹತ್ತಿರ ನಾಲ್ಕು ಹಳೇ ಕಂಬ ನಿಲ್ಲಿಸಿದ್ರು, ಪಾಲಿಶ್ ಹಾಕಿ ಫಳಫಳ ಹೊಳೀತಿತ್ತು, ಮೇಲೆ ಏನೂ ಭಾರ ಇಲ್ಲ, ಶೋಗೆ. ಒಂದರ ಬುಡ ಕುಯ್ದು ಗಿಡ್ಡ ಮಾಡಿದ್ರು. ಅದರ ಮೇಲೆ ಆ ಗೀರು. ಗಿಡ್ಡ ಆಗಿದ್ರಿಂದ ಮಂಡಿ ಹತ್ತಿರಕ್ಕೆ ಬಂದಿತ್ತು, ಪಾಲಿಶ್ ಮೆತ್ಕೊಂಡು ಅರ್ಧ ಮುಚ್ಚಿತ್ತು, ಆದ್ರೂ ಬಗ್ಗಿ ಬೆರಳಿಟ್ರೆ ಕೂತ್ಕೊಳ್ತು. ನಮ್ಮಮ್ಮ ಜೊತೇಲಿದ್ರು, 84 ವಯಸ್ಸು, ಅವರಿಗೆ ತೋರಿಸ್ಲಾ ಬೇಡ್ವಾ ಅಂತ ಯೋಚನೆ ಮಾಡ್ತಿದ್ದೆ, ಅಷ್ಟರಲ್ಲಿ ಅವರೇ ಬಂದು ಕಂಬದ ಮೇಲೆ ಕೈ ಇಟ್ಟು ನಿಂತ್ಕೊಂಡ್ರು. ಏನೂ ಮಾತಾಡ್ಲಿಲ್ಲ. ಊಟಕ್ಕೆ ಕರೆದ್ರೂ ಸ್ವಲ್ಪ ಹೊತ್ತು ಬರ್ಲಿಲ್ಲ.

ಬೇಲೂರು ಹಳೇಬೀಡು ಸೋಮನಾಥಪುರ 2023ರ ಸೆಪ್ಟೆಂಬರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದಾಗ ನಾವೆಲ್ಲ ಸಿಹಿ ಹಂಚಿದ್ವಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ, ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಕಲ್ಲಲ್ಲಿ ಹೆಸರು ಕೆತ್ತಿಟ್ಟು ಹೋದ ಗುಡಿ, 900 ವರ್ಷದಿಂದ ಪೂಜೆ ನಿಂತಿಲ್ಲ. ಕಾಂಪೌಂಡಿನ ಒಳಗೆ ಕಲ್ಲು ಚೆನ್ನಾಗೇ ಇದೆ. ಹೊರಗೆ ಬನ್ನಿ. ತೇರು ಎಳೆಯೋ ಬೀದೀಲಿ ಈಗ ಜಗುಲಿ ಇರೋ ಮನೆ ಎಷ್ಟು ಉಳಿದಿವೆ, ನಾನು ಹೋದ ತಿಂಗಳು ನಡ್ಕೊಂಡು ಎಣಿಸಿದೆ, ಬೆರಳು ಮುಗಿಯೋಕೆ ಮುಂಚೆ ಲೆಕ್ಕ ಮುಗೀತು. ಹಳೇಬೀಡಲ್ಲಿ ಬಸ್ಸಲ್ಲಿ ಬಂದೋರು ಹೊಯ್ಸಳೇಶ್ವರ ನೋಡಿ ಅರ್ಧ ಗಂಟೇಲಿ ವಾಪಸ್ಸು, ಅಲ್ಲೇ ಇರೋ ಜೈನ ಬಸದಿ ಕಂಬಗಳಲ್ಲಿ ಮುಖ ಕಾಣುತ್ತೆ ಅಷ್ಟು ನುಣುಪು, ಕೇದಾರೇಶ್ವರ, ಹುಲಿಕೆರೆ ಕೊಳ, ಯಾರಿಗೂ ಬೇಡ. ಹಾಸನದಿಂದ 10 ಕಿಲೋಮೀಟರ್ ಆಸುಪಾಸಿನ ಕೊರವಂಗಲದಲ್ಲಿ ವೀರಬಲ್ಲಾಳನ ಪಟ್ಟಾಭಿಷೇಕದ ನೆನಪಿಗೆ 1173ರಲ್ಲಿ ಬೂಚಿರಾಜ ಕಟ್ಟಿಸಿದ ಬೂಚೇಶ್ವರ ಗುಡಿ ಇದೆ, ಹಾಸನದೋರಿಗೇ ಗೊತ್ತಿಲ್ಲ. ಮೊಸಳೆ, ದೊಡ್ಡಗದ್ದವಳ್ಳಿ, ಹಾರನಹಳ್ಳಿ, ನುಗ್ಗೇಹಳ್ಳಿ, ಅರಸೀಕೆರೆ, ಚಿಕ್ಕಮಗಳೂರು ಜಿಲ್ಲೆಯ ಬೆಳವಾಡಿ, ಅಮೃತಾಪುರ, ಹೇಳ್ತಾ ಹೋದ್ರೆ ಪತ್ರ ಮುಗಿಯಲ್ಲ.

ಅದಕ್ಕೆ ಒಂದು ಆಸೆ. ಜಪಾನಿನ ದೇವಸ್ಥಾನಗಳಲ್ಲಿ ಗೋಶುಯಿನ್ ಅಂತ ಇದೆ, ಒಂದು ಸಣ್ಣ ಪುಸ್ತಕ ಕೊಂಡ್ಕೊಂಡು ಹೋದ ಹೋದ ಗುಡೀಲಿ ಕೊಟ್ರೆ ಅಲ್ಲಿನೋರು ಕುಂಚದಲ್ಲಿ ದೇವರ ಹೆಸರು ತಾರೀಖು ಬರೆದು ಕೆಂಪು ಮುದ್ರೆ ಒತ್ತಿ ಕೊಡ್ತಾರೆ, 300ರಿಂದ 500 ಯೆನ್, ಅಂದ್ರೆ ಹೆಚ್ಚುಕಮ್ಮಿ ಇನ್ನೂರು ಮುನ್ನೂರು ರೂಪಾಯಿ. ನಾರಾ ಹತ್ತಿರ ಒಂದು ಚಿಕ್ಕ ಗುಡೀಲಿ ಬರೆದೋರು ವಯಸ್ಸಾದೋರು, ಮೊದಲು ಕಣ್ಣು ಮುಚ್ಚಿ ಉಸಿರು ಬಿಟ್ರು, ಆಮೇಲೆ ಒಂದೇ ಉಸಿರಿಗೆ ಬರೆದ್ರು, ಮಸಿ ಅಂಟಬಾರದು ಅಂತ ಮಧ್ಯೆ ತೆಳ್ಳನೆ ಕಾಗದ ಇಟ್ಟು ಎರಡೂ ಕೈಲಿ ವಾಪಸ್ ಕೊಟ್ರು. ಮುಂದಿನ ಹಾಳೆ ಖಾಲಿ ಇದೆಯಲ್ಲ ಅಂತಲೇ ನಾವು ಹುಡುಕ್ಕೊಂಡು ಯಾರೂ ಹೋಗದ ಗುಡಿಗಳಿಗೆ ಹೋದ್ವಿ. ಹೊಯ್ಸಳರ ಗುಡಿಗಳಿಗೆ ಅಂಥ ಒಂದು ಪುಸ್ತಕ ಯಾಕೆ ಮಾಡಬಾರದು, ನಮ್ಮ ಕನ್ನಡ ಅಕ್ಷರಕ್ಕಿಂತ ಚೆಂದ ಬೇಕಾ, ಊರಿನ ಒಬ್ಬ ಹುಡುಗನೋ ಹುಡುಗಿನೋ ಕೂತು ಬರೆದುಕೊಟ್ರೆ ಆ ಊರಿಗೆ ನಾಲ್ಕು ಕಾಸು, ನಾಲ್ಕು ಜನ, ಬೀಗ ಹಾಕಿರೋ ಗುಡಿಗೆ ದಿನಾ ಬಾಗಿಲು ತೆಗೆಯೋಕೆ ಒಂದು ಕಾರಣ.

ಮತ್ತೆ ಸಂಪಾದಕರಲ್ಲಿ ನೇರವಾಗಿ ಒಂದು ಕೋರಿಕೆ. ನಿಮ್ಮ ಜಿಲ್ಲಾ ಪುಟದಲ್ಲಿ ವಾರಕ್ಕೊಂದು ಸಲ ಅಂಗೈಯಗಲ ಜಾಗ ಕೊಡಿ, ಹಾಸನ ಚಿಕ್ಕಮಗಳೂರು ಜಿಲ್ಲೆಯ ಒಂದು ಹಳೇ ಮನೆ ಅಥವಾ ಒಂದು ಹಳೇ ಬೀದಿ, ಫೋಟೋ, ಎಷ್ಟು ಅಂಕಣದ ಮನೆ, ಯಾವ ಮರ, ಯಾವ ಹೆಂಚು, ಯಾರು ಕಟ್ಟಿದ್ದು, ಓದುಗರೇ ಅಳೆದು ಕಳಿಸಲಿ. ನಗೋಯಾದೋರು ಅರಮನೆ ಮತ್ತೆ ಎಬ್ಬಿಸಿದ್ದು ಅಂಥ ಕಾಗದಗಳಿಂದಲೇ. ಮೊದಲನೇದು ನಾನೇ ಕಳಿಸ್ತೀನಿ.

ನಮ್ಮ ಬೀದೀಲೇ ದೊಡ್ಡಪ್ಪನ ಮಗ ನಮ್ಮಣ್ಣನ ಮನೆ ಇನ್ನೂ ಹಾಗೇ ಇದೆ, ಯುಗಾದಿ ಕಳೆದ್ಮೇಲೆ ಒಡೆದು ಕಟ್ಟಿಸೋದು ಅಂತ ಮಕ್ಕಳು ಮಾತಾಡ್ಕೊಂಡಿದಾರಂತೆ. ಅವರದ್ದೂ ತಪ್ಪಲ್ಲ, ಮಳೆಗಾಲದಲ್ಲಿ ಸೋರುತ್ತೆ, ಅತ್ತಿಗೆಗೆ ಅಡುಗೆಮನೆ ಕತ್ತಲೆ, ಸ್ನಾನದ ಮನೆ ಹಿತ್ತಲಲ್ಲಿದೆ. ತ್ಸುಮಾಗೊ ಮನೆಗಳ ಒಳಗೆ ಗೀಸರ್ ಫ್ರಿಜ್ ಎಲ್ಲಾ ಇರೋ ಫೋಟೋ ತಗೊಂಡು ಬಂದಿದೀನಿ. ಈ ಭಾನುವಾರ ಬೆಳಗ್ಗೆ ಬೇಲೂರಿಗೆ ಹೋಗ್ತಿದೀನಿ, ಅಳತೆ ಟೇಪು, ಆ ಹಿಮೇಜಿ ಕಂಬದ ಫೋಟೋ, ಆ ಹೊಸಿಲಿನ ಫೋಟೋ ಬ್ಯಾಗಲ್ಲಿ ಇಟ್ಕೊಂಡಿದೀನಿ. ಜೊತೆಗೆ ಹಳೇ ಕೆಲಸ ಗೊತ್ತಿರೋ ಒಬ್ಬ ಆಚಾರ್ರನ್ನ ಮಾತಾಡಿದೀನಿ, ಬುಡ ನೋಡಿ ಹೇಳ್ತೀನಿ ಬನ್ನಿ ಅಂದಿದಾರೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗಾರ್ತಿ,
ಹಾಸನ